ಸಂಬಳ ಏರಿತು, ಕಾರ್ಡು ಹೋಯಿತು

ತಿಂಗಳಿಗೆ 21,000 ರೂಪಾಯಿ. ಈ ಅಂಕಿ ನಮ್ಮ ಕಾಲೇಜಿನಲ್ಲಿ ಎಷ್ಟು ಜನರಿಗೆ ಗೊತ್ತೋ ನನಗೆ ಗೊತ್ತಿಲ್ಲ. ಪೀಣ್ಯದ ಫ್ಯಾಕ್ಟರಿಗಳಲ್ಲಿ, ಗಾರ್ಮೆಂಟ್ಸ್‌ನಲ್ಲಿ, ಶೋರೂಮುಗಳಲ್ಲಿ ದುಡಿಯುವ ನಮ್ಮ ಅಪ್ಪ ಅಮ್ಮಂದಿರಿಗೆ ಮಾತ್ರ ಅದು ಬಾಯಿಪಾಠ. ಸಂಬಳ ಇದರೊಳಗೆ ಇದ್ದರೆ ಮನೆಯಲ್ಲಿ ಇಎಸ್‌ಐ ಕಾರ್ಡು ಇರುತ್ತದೆ. ಒಂದು ರೂಪಾಯಿ ಮೇಲೆ ಹೋದರೂ ಕಾರ್ಡು ಹೋಗುತ್ತದೆ. ಗೆರೆಯ ಈಚೆಗೆ ಪೂರ್ತಿ ಚಿಕಿತ್ಸೆ, ಆಚೆಗೆ ಏನೂ ಇಲ್ಲ. ನಡುವೆ ಒಂದು ಮೆಟ್ಟಿಲು ಕೂಡ ಇಲ್ಲ.

ಈ ಗೆರೆ ದಾಟಿದವರಿಗೆ, ತಮ್ಮ ಪಾಲನ್ನೂ ಮಾಲೀಕರ ಪಾಲನ್ನೂ ತಾವೇ ಕಟ್ಟಿ ಯೋಜನೆಯಲ್ಲಿ ಉಳಿಯುವ ಹಕ್ಕು ಸಿಗಬೇಕು ಎಂಬುದು ನನ್ನ ಅಭಿಪ್ರಾಯ. ಪುಕ್ಕಟೆಯಾಗಿ ಕೇಳುತ್ತಿಲ್ಲ. ದುಡ್ಡು ಕೊಡುತ್ತೇವೆ, ಬಾಗಿಲು ಮುಚ್ಚಬೇಡಿ ಎನ್ನುತ್ತಿದ್ದೇನೆ, ಅಷ್ಟೇ.

ಇಎಸ್‌ಐ ಎಂದರೆ ನೌಕರರ ರಾಜ್ಯ ವಿಮೆ. 1948ರ ಕಾಯ್ದೆಯಿಂದ ಹುಟ್ಟಿ 1952ರಲ್ಲಿ ಕಾನ್ಪುರ ಮತ್ತು ದೆಹಲಿಯಲ್ಲಿ ಮೊದಲು ಶುರುವಾಯಿತು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಾರ್ಖಾನೆಗಳಿಗೆ ಇದು ಕಡ್ಡಾಯ. 2019ರ ಜುಲೈಯಿಂದ ನೌಕರನ ಸಂಬಳದಲ್ಲಿ ಶೇಕಡ 0.75 ಕಡಿತವಾಗುತ್ತದೆ, ಮಾಲೀಕರು ಶೇಕಡ 3.25 ಸೇರಿಸುತ್ತಾರೆ. ಒಟ್ಟು ಶೇಕಡ 4. ಇಷ್ಟಕ್ಕೆ ನೌಕರನಿಗೂ ಮನೆಯವರಿಗೂ ಚಿಕಿತ್ಸೆ, ಮಾತ್ರೆ, ಪರೀಕ್ಷೆ, ಆಪರೇಷನ್ ಎಲ್ಲ ಸಿಗುತ್ತದೆ. ಖರ್ಚು ಇಷ್ಟು ಲಕ್ಷದವರೆಗೆ ಮಾತ್ರ ಎಂಬ ಮಿತಿ ಇಲ್ಲ. ಕಾಯಿಲೆ ಬಿದ್ದು ಕೆಲಸಕ್ಕೆ ಹೋಗಲಾಗದಿದ್ದರೆ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇಕಡ 70ರಷ್ಟು ಕೈಗೆ ಬರುತ್ತದೆ.

ಇಎಸ್‌ಐ ಸ್ವರ್ಗವೇನಲ್ಲ. ಬೆಳಿಗ್ಗೆ ಹೋಗಿ ಕ್ಯೂ ನಿಂತರೆ ಮಧ್ಯಾಹ್ನದ ಕ್ಲಾಸು ಹೋಯಿತೆಂದೇ ಲೆಕ್ಕ. ಕೆಲವು ಸಲ ಮಾತ್ರೆ 'ಮುಂದಿನ ವಾರ ಬನ್ನಿ'. ನಾನೇ ಎಷ್ಟೋ ಸಲ ಅಲ್ಲಿನ ಬೆಂಚಿನ ಮೇಲೆ ಕೂತು ಅಕೌಂಟೆನ್ಸಿ ಲೆಕ್ಕ ಮಾಡಿದ್ದೇನೆ. ಆದರೂ ಅಲ್ಲಿ ಯಾರೂ 'ಮೊದಲು ಅಡ್ವಾನ್ಸ್ ಕಟ್ಟಿ' ಎನ್ನುವುದಿಲ್ಲ.

ನಮ್ಮ ಮನೆಯ ಲೆಕ್ಕ ಹೇಳುತ್ತೇನೆ, ಏಕೆಂದರೆ ಇದು ನಮ್ಮೊಬ್ಬರ ಲೆಕ್ಕವಲ್ಲ. ಅಬ್ಬಾ ಒಂದು ಮಷಿನ್ ಶಾಪಿನಲ್ಲಿ ಹದಿನಾಲ್ಕು ವರ್ಷದಿಂದ ಲೇತ್ ನಡೆಸುತ್ತಾರೆ. ಹನ್ನೊಂದು ವರ್ಷದ ನನ್ನ ತಮ್ಮನಿಗೆ ಏಳನೇ ವಯಸ್ಸಿನಿಂದ ಟೈಪ್ 1 ಡಯಾಬಿಟಿಸ್. ಮಿಠಾಯಿ ತಿಂದು ಬಂದದ್ದಲ್ಲ (ನೆಂಟರು ಇದನ್ನು ಎಷ್ಟು ಹೇಳಿದರೂ ಒಪ್ಪುವುದಿಲ್ಲ). ದೇಹವೇ ಇನ್ಸುಲಿನ್ ಮಾಡುವುದನ್ನು ನಿಲ್ಲಿಸಿದೆ, ಹಾಗಾಗಿ ಪ್ರತಿದಿನ ಚುಚ್ಚಿಕೊಳ್ಳಲೇಬೇಕು. ಒಂದು ದಿನ ಕೂಡ ಬಿಡುವಂತಿಲ್ಲ. ನಾಲ್ಕು ವರ್ಷದಿಂದ ಇನ್ಸುಲಿನ್, ಸೂಜಿ, ಮೂರು ತಿಂಗಳಿಗೊಮ್ಮೆ ಮಾಡುವ ರಕ್ತಪರೀಕ್ಷೆ ಎಲ್ಲವೂ ಇಎಸ್‌ಐ ಕಡೆಯಿಂದ. ಬೆರಳು ಚುಚ್ಚಿ ನೋಡುವ ಸ್ಟ್ರಿಪ್ ಮಾತ್ರ ಮೊದಲಿನಿಂದಲೂ ನಾವೇ ಕೊಳ್ಳುತ್ತೇವೆ.

ಕಳೆದ ಜೂನ್‌ನಲ್ಲಿ ಅಬ್ಬಾಗೆ ಬಡ್ತಿ ಬಂತು. ಸಂಬಳ 20,600 ಇದ್ದದ್ದು 21,700 ಆಯಿತು. ಅಮ್ಮಿ ಆ ದಿನ ಖೀರ್ ಮಾಡಿದರು. ಅಕ್ಟೋಬರ್‌ನಲ್ಲಿ ಪೇ ಸ್ಲಿಪ್ ಬಂದಾಗ ಇಎಸ್‌ಐ ಕಾಲಂ ಖಾಲಿ ಇತ್ತು. ಕೇಳಿದರೆ 'ನೀವು ಲಿಮಿಟ್ ದಾಟಿದ್ದೀರಿ' ಎಂದರು.

ಪಿಎಫ್ ಬಿಟ್ಟು ಸರಳವಾಗಿ ಲೆಕ್ಕ ಹಾಕೋಣ. ಸಂಬಳ ಏರಿದ್ದು 1,100. ಇಎಸ್‌ಐಗೆ ಮೊದಲು ಹೋಗುತ್ತಿದ್ದ 155 ಈಗ ಉಳಿಯುತ್ತದೆ. ಒಟ್ಟು ಲಾಭ 1,255. ತಮ್ಮನಿಗೆ ಬೇಕಾದ್ದನ್ನೆಲ್ಲ ಮೆಡಿಕಲ್ ಶಾಪಿನಲ್ಲಿ ಕೊಂಡರೆ ತಿಂಗಳಿಗೆ ಸುಮಾರು 2,600. ಅಂದರೆ ಬಡ್ತಿ ಪಡೆದ ಮನುಷ್ಯ ತಿಂಗಳಿಗೆ 1,345 ರೂಪಾಯಿ ಕಳೆದುಕೊಂಡ. ಲಾಭ ನಷ್ಟ ಖಾತೆಯಲ್ಲಿ ಇಂಥ ಬಡ್ತಿಯನ್ನು ಯಾವ ಬದಿಗೆ ಬರೆಯಬೇಕು ಎಂದು ನಮ್ಮ ಲೆಕ್ಚರರ್ ಇನ್ನೂ ಹೇಳಿಕೊಟ್ಟಿಲ್ಲ. ಇದು ಕೂಡ ಯಾರೂ ಆಸ್ಪತ್ರೆ ಸೇರದ ತಿಂಗಳ ಲೆಕ್ಕ.

ಈಗ ಅಬ್ಬಾ ಮುಂದಿರುವ ಬೇರೆ ದಾರಿಗಳನ್ನು ನೋಡಿ. ಫ್ಯಾಕ್ಟರಿಯಲ್ಲಿ 'ಸ್ಟಾಫ್'ಗೆ ಗುಂಪು ಆರೋಗ್ಯ ವಿಮೆ ಇದೆ, ಮನೆಮಂದಿಗೆಲ್ಲ ಸೇರಿ ಎರಡು ಲಕ್ಷದ್ದು. ಹಳೆಯ ಕಾಯಿಲೆಗೂ ಮೊದಲ ದಿನದಿಂದ ಅನ್ವಯಿಸುತ್ತದೆ, ಅದು ಒಳ್ಳೆಯದೇ. ಆದರೆ ಆಸ್ಪತ್ರೆಗೆ ದಾಖಲಾದರೆ ಮಾತ್ರ. ಮನೆಯಲ್ಲಿ ಕೂತು ಚುಚ್ಚಿಕೊಳ್ಳುವ ಇನ್ಸುಲಿನ್‌ಗೆ ಒಂದು ಪೈಸೆ ಇಲ್ಲ. ಎರಡನೆಯದು ನಾವೇ ಕೊಳ್ಳುವ ಖಾಸಗಿ ಪಾಲಿಸಿ. ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಿಸಲು ವಿಮಾ ಕಂಪನಿಗಳಿಗೆ ಅವಕಾಶ ಇದೆ. 2024ರ ಏಪ್ರಿಲ್‌ಗೆ ಮುಂಚೆ ಅದು ನಾಲ್ಕು ವರ್ಷ ಇತ್ತು. ವಿಚಾರಿಸಲು ಹೋದಾಗ ಇಬ್ಬರು ಏಜೆಂಟರು ಒಂದೇ ಮಾತು ಹೇಳಿದರು: 'ಹುಡುಗನನ್ನು ಬಿಟ್ಟು ಉಳಿದವರಿಗೆ ಮಾಡಿಸಿ.' ಮಳೆಗಾಲದಲ್ಲಿ ಸೋರುವ ಕೋಣೆಯೊಂದನ್ನು ಬಿಟ್ಟು ಉಳಿದ ಸೂರಿಗೆಲ್ಲ ಹೆಂಚು ಹೊದಿಸಿ ಎಂದ ಹಾಗಾಯಿತು.

ಮೂರನೆಯದು ಸರಕಾರದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ. ಬಿಪಿಎಲ್ ಮನೆಗಳಿಗೆ ವರ್ಷಕ್ಕೆ ಐದು ಲಕ್ಷದವರೆಗೆ. ಆದರೆ ಬಿಪಿಎಲ್ ಕಾರ್ಡಿಗೆ ವರ್ಷದ ಆದಾಯ 1.2 ಲಕ್ಷದೊಳಗೆ ಇರಬೇಕು. ತಿಂಗಳಿಗೆ ಹತ್ತು ಸಾವಿರ. ಅದರ ಮೇಲಿನವರಿಗೆ ಪ್ಯಾಕೇಜ್ ದರದ ಶೇಕಡ 30 ಮಾತ್ರ ಸರಕಾರ ಕೊಡುತ್ತದೆ, ಅದೂ ಒಂದೂವರೆ ಲಕ್ಷದವರೆಗೆ. ಉಳಿದ 70 ನಮ್ಮದು. ಹೀಗೆ ಇಎಸ್‌ಐ ಲೆಕ್ಕದಲ್ಲಿ ನಾವು ಶ್ರೀಮಂತರು, ಖಾಸಗಿ ಆಸ್ಪತ್ರೆಯ ಬಿಲ್ಲಿನ ಮುಂದೆ ಬಡವರು, ರೇಷನ್ ಕಾರ್ಡಿನ ಪ್ರಕಾರ ಬಡವರಲ್ಲ.

ಮನೆಯಲ್ಲಿ ಇನ್ನೊಂದು ಮಾತೂ ಇದೆ. ನಮ್ಮ ದಾದಿಗೆ ಖಾಸಗಿ ವಿಮೆ ಎಂದರೆ ಮನಸ್ಸಿಲ್ಲ. ಅದರಲ್ಲಿ ಬಡ್ಡಿ ಇದೆ, ಜೂಜಿನ ಥರ ಇದೆ ಎಂದು ಅವರು ಕೇಳಿದ್ದಾರೆ. ಇಎಸ್‌ಐ ಬಗ್ಗೆ ಮಾತ್ರ ಎಂದೂ ತಕರಾರು ಎತ್ತಿದವರಲ್ಲ. 'ಸಬ್ ಮಿಲ್‌ಕೊ ಡಾಲ್ತೆ, ಜಿಸ್ಕು ಜರೂರತ್ ಹೈ ಉನೆ ಲೇತಾ' ಎನ್ನುತ್ತಾರೆ. ಎಲ್ಲರೂ ಸೇರಿ ಹಾಕುತ್ತಾರೆ, ಬೇಕಾದವನು ತೆಗೆದುಕೊಳ್ಳುತ್ತಾನೆ. ವಿಮೆಯ ತತ್ವಗಳ ಬಗ್ಗೆ ಎರಡು ಪುಟ ಬರೆಯಿರಿ ಎಂದರೆ ನಾನು ಇದನ್ನೇ ಬರೆದು ಬರುತ್ತೇನೆ. ಪಾಲಿಸಿಯ ಚರ್ಚೆಯನ್ನು ದೊಡ್ಡವರಿಗೆ ಬಿಡುತ್ತೇನೆ. ನನಗೆ ಮುಖ್ಯವಾದದ್ದು ಇಷ್ಟು: ಎಲ್ಲರೂ ಸೇರಿ ಹಾಕುವ ಹುಂಡಿಯಿಂದ ಹದಿನಾಲ್ಕು ವರ್ಷ ಹಾಕಿದವನನ್ನು 700 ರೂಪಾಯಿಗೆ ಹೊರಗೆ ಕಳಿಸುವುದು ಯಾವ ನ್ಯಾಯ?

ಈ ಗೆರೆ ಜನರಿಂದ ಏನೇನು ಮಾಡಿಸುತ್ತದೆ ಗೊತ್ತೆ? ನಮ್ಮ ಬೀದಿಯ ಒಬ್ಬರು ಸೂಪರ್‌ವೈಸರ್ ಹುದ್ದೆ ಬೇಡವೆಂದರು. ಅವರ ಹೆಂಡತಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಅವರಿಗಿಂತ ಚಿಕ್ಕವನು ಸೂಪರ್‌ವೈಸರ್ ಆಗಿ ಈಗ ಅವರ ಮೇಲೆ ಕೂಗಾಡುತ್ತಾನೆ. ಇನ್ನು ಕೆಲವರು ಇನ್‌ಕ್ರಿಮೆಂಟ್ ಬೇಡ, ಓಟಿ ಕೊಡಿ ಎನ್ನುತ್ತಾರೆ. ಕಾರಣ ಇದೆ. 21,000ದ ಮಿತಿ ನೋಡುವಾಗ ಓವರ್‌ಟೈಮ್ ಹಣವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. 1948ರ ಕಾಯ್ದೆಯಡಿ ವಂತಿಗೆ ಕಡಿಯುವಾಗ ಮಾತ್ರ ಹಿಡಿಯುತ್ತಿದ್ದರು! ಅಂದರೆ ಇದೇ ದುಡ್ಡನ್ನು ಎಂಟು ಗಂಟೆಯಲ್ಲಿ ಗಳಿಸಿದರೆ ಕಾರ್ಡು ಹೋಗುತ್ತದೆ, ಹನ್ನೆರಡು ಗಂಟೆ ಮೈ ಮುರಿದು ಗಳಿಸಿದರೆ ಉಳಿಯುತ್ತದೆ. ಆರೋಗ್ಯದ ಕಾರ್ಡು ಉಳಿಸಿಕೊಳ್ಳಲು ಆರೋಗ್ಯ ಕಳೆದುಕೊಳ್ಳುವ ಏರ್ಪಾಡು.

'ಮಿತಿಯನ್ನೇ ಏರಿಸಿದರೆ ಆಯಿತಲ್ಲ' ಎಂದು ಗೆಳತಿ ಕೇಳಿದಳು. ಏರಿಸಲೇಬೇಕು. 2010ರಲ್ಲಿ 15,000 ಆಯಿತು, 2017ರ ಜನವರಿ 1ರಂದು 21,000 ಆಯಿತು. ನಾನು ಆಗ ಮೂರನೇ ಕ್ಲಾಸು. ಅಂದಿನಿಂದ ನಮ್ಮ ಮನೆ ಬಾಡಿಗೆ ಎಷ್ಟು ಸಲ ಏರಿತೋ, ಆ ಅಂಕಿ ಅಲ್ಲೇ ನಿಂತಿದೆ. ಆದರೆ ನಾಳೆ 30,000 ಮಾಡಿದರೂ 30,100 ಸಂಬಳದವರ ಮನೆಯಲ್ಲೂ ಇನ್ಸುಲಿನ್ ಬೇಕಾದ ಮಗು ಇರಬಹುದು. ಗೆರೆಯನ್ನು ಮುಂದಕ್ಕೆ ತಳ್ಳಿದರೆ ಬೀಳುವವರು ಬದಲಾಗುತ್ತಾರೆ, ಬೀಳುವುದು ತಪ್ಪುವುದಿಲ್ಲ.

ಬೇರೆ ದೇಶದಲ್ಲಿ ಏನು ಮಾಡುತ್ತಾರೆ ಎಂದು ಹುಡುಕಿದಾಗ ಅಮೆರಿಕದ ಕೋಬ್ರಾ ಸಿಕ್ಕಿತು. ಹಾವಲ್ಲ. 1986ರಲ್ಲಿ ಸಹಿಯಾದ ಒಂದು ಉದ್ದ ಹೆಸರಿನ ಕಾಯ್ದೆಯ ಮೊದಲಕ್ಷರಗಳು. ಅಲ್ಲಿ ಹೆಚ್ಚಿನವರಿಗೆ ಆರೋಗ್ಯ ವಿಮೆ ಬರುವುದು ಕಂಪನಿಯಿಂದ. ಕೆಲಸ ಹೋದರೆ ಅಥವಾ ಕೆಲಸದ ಗಂಟೆ ಕಡಿಮೆಯಾಗಿ ಅರ್ಹತೆ ತಪ್ಪಿದರೆ, 20 ಅಥವಾ ಹೆಚ್ಚು ನೌಕರರಿರುವ ಕಂಪನಿಯಾದರೆ, ಅದೇ ವಿಮೆಯಲ್ಲಿ 18 ತಿಂಗಳು ಉಳಿಯುವ ಹಕ್ಕಿದೆ. ನೌಕರ ತೀರಿಕೊಂಡರೆ, ವಿಚ್ಛೇದನವಾದರೆ, ಮಗ ಮಗಳು ವಯಸ್ಸು ಮೀರಿ ಹೊರಬಿದ್ದರೆ, ಆ ಮನೆಯವರಿಗೆ 36 ತಿಂಗಳವರೆಗೆ. ಬೇಕೋ ಬೇಡವೋ ಎಂದು ನಿರ್ಧರಿಸಲು ಕನಿಷ್ಠ 60 ದಿನ. ಆದರೆ ಪ್ರೀಮಿಯಂ ಪೂರ್ತಿ ತಾವೇ ಕಟ್ಟಬೇಕು, ಕಂಪನಿಯ ಪಾಲೂ ಸೇರಿ, ಮೇಲೆ ಕಚೇರಿ ಖರ್ಚಿಗೆ ಶೇಕಡ 2. ಹೀಗೆ ಶೇಕಡ 102.

ಅದನ್ನು ಹೊಗಳುವಂತೆಯೂ ಇಲ್ಲ. 2023ರ ಸಮೀಕ್ಷೆಯೊಂದರ ಪ್ರಕಾರ ಅಲ್ಲಿ ಒಂದು ಕುಟುಂಬದ ವಿಮೆಗೆ ವರ್ಷಕ್ಕೆ ಸರಾಸರಿ 24,000 ಡಾಲರಿನ ಹತ್ತಿರ. ಕೆಲಸದಲ್ಲಿದ್ದಾಗ ಅದರಲ್ಲಿ ನೌಕರ ಕೊಡುತ್ತಿದ್ದದ್ದು ತಿಂಗಳಿಗೆ ಸುಮಾರು 550 ಡಾಲರ್. ಕೋಬ್ರಾ ತೆಗೆದುಕೊಂಡರೆ ಸುಮಾರು 2,000 ಡಾಲರ್. ಸಂಬಳ ನಿಂತ ತಿಂಗಳೇ ಖರ್ಚು ನಾಲ್ಕು ಪಟ್ಟು ಹತ್ತಿರ! ಕೊರೊನಾ ಕಾಲದಲ್ಲಿ, 2021ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ, ಕೆಲಸ ಕಳೆದುಕೊಂಡವರ ಈ ಪ್ರೀಮಿಯಂ ಅನ್ನು ಅಲ್ಲಿನ ಸರಕಾರವೇ ಭರಿಸಬೇಕಾಯಿತು. ಹಕ್ಕು ಸರಿ ಇದೆ, ಬೆಲೆ ಸರಿ ಇಲ್ಲ.

ನಮ್ಮಲ್ಲಿ ತಿರುಗುಮುರುಗು. ಬೆಲೆ ಸರಿ ಇದೆ, ಹಕ್ಕು ಇಲ್ಲ. 21,700ಕ್ಕೆ ಶೇಕಡ 4 ಎಂದರೆ 868 ರೂಪಾಯಿ. ವರ್ಷಕ್ಕೆ 10,416. ಅಬ್ಬಾ ಇದನ್ನು ಕಟ್ಟಬಲ್ಲರು. ಏರಿಕೆಯ 1,255ರಲ್ಲಿ 868 ಹೋದರೂ 387 ಕೈಯಲ್ಲಿ ಉಳಿಯುತ್ತದೆ, ಅಮ್ಮಿಯ ಖೀರ್‌ಗೂ ಒಂದು ಅರ್ಥ ಉಳಿಯುತ್ತದೆ. ಮಾಲೀಕರಿಗೆ ಒಂದು ರೂಪಾಯಿ ಹೊರೆ ಇಲ್ಲ. ನಿಗಮಕ್ಕೂ ಮೊದಲು 20,600 ಮೇಲೆ ಬರುತ್ತಿದ್ದ ವಂತಿಗೆ ಈಗ 21,700 ಮೇಲೆ ಬರುತ್ತದೆ.

ಇದಕ್ಕೊಂದು ಗಟ್ಟಿ ಆಕ್ಷೇಪ ಇದೆ. ಉಳಿಯುವುದು ಇಷ್ಟಕ್ಕೆ ಬಿಟ್ಟ ವಿಷಯವಾದರೆ ಕಾಯಿಲೆ ಇರುವವರು ಮಾತ್ರ ಉಳಿಯುತ್ತಾರೆ, ಗಟ್ಟಿಮುಟ್ಟಾಗಿರುವವರು ಹೊರಟುಹೋಗುತ್ತಾರೆ, ಹುಂಡಿ ಖಾಲಿಯಾಗುತ್ತದೆ. ವಿಮೆಯಲ್ಲಿ ಇದನ್ನು ಪ್ರತಿಕೂಲ ಆಯ್ಕೆ ಎನ್ನುತ್ತಾರೆ. ನಿಜ. ಹಾಗಾಗಿ ಷರತ್ತು ಇಡಲಿ. ಕನಿಷ್ಠ ಐದು ವರ್ಷ ವಂತಿಗೆ ಕಟ್ಟಿದವರಿಗೆ ಮಾತ್ರ ಎನ್ನಲಿ. ಮಿತಿ ದಾಟಿದ 60 ದಿನದೊಳಗೆ ಒಂದೇ ಸಲ ಹೌದು ಅಥವಾ ಇಲ್ಲ ಎನ್ನಬೇಕು ಎನ್ನಲಿ, ಕಾಯಿಲೆ ಬಂದ ಮೇಲೆ ಓಡಿ ಬಂದು ಸೇರುವಂತಿಲ್ಲ. ಇಷ್ಟಾದ ಮೇಲೂ ನಿಗಮಕ್ಕೆ ಸ್ವಲ್ಪ ನಷ್ಟ ಆಗಬಹುದು. ಆದರೆ ಅಬ್ಬಾ ಹದಿನಾಲ್ಕು ವರ್ಷ ಕಟ್ಟಿದ್ದರಲ್ಲಿ ಮೊದಲ ಹತ್ತು ವರ್ಷ ನಮ್ಮ ಮನೆಯಲ್ಲಿ ನೆಗಡಿ ಜ್ವರ ಬಿಟ್ಟು ಏನೂ ಇರಲಿಲ್ಲ. ಆಗ ನಾವೇ ಆ ಗಟ್ಟಿಮುಟ್ಟಾದವರು. ನಮ್ಮ ದುಡ್ಡಿನಲ್ಲಿ ಬೇರೆ ಮನೆಯ ಮಗು ಇನ್ಸುಲಿನ್ ಪಡೆಯಿತು. ಸಂತೋಷ. ನಮ್ಮ ಸರದಿ ಬಂದಾಗ ಬಾಗಿಲು ಹಾಕಬಾರದು.

ನಾನು ಕೇಳುತ್ತಿರುವುದು ಹೊಸ ತತ್ವವೂ ಅಲ್ಲ. ಐದು ವರ್ಷ ವಿಮೆಯಲ್ಲಿದ್ದು ನಿವೃತ್ತರಾದ ನೌಕರ ವರ್ಷಕ್ಕೆ 120 ರೂಪಾಯಿ ಕಟ್ಟಿ ತನಗೂ ಹೆಂಡತಿಗೂ ಇಎಸ್‌ಐ ಚಿಕಿತ್ಸೆ ಮುಂದುವರಿಸಬಹುದು. ತಿಂಗಳಿಗೆ ಅಲ್ಲ, ವರ್ಷಕ್ಕೆ. ಇಷ್ಟು ಒಳ್ಳೆಯ ನಿಯಮ ಎಷ್ಟು ತಾತಂದಿರಿಗೆ ಗೊತ್ತಿದೆಯೋ! 2024ರ ಫೆಬ್ರವರಿಯಲ್ಲಿ ನಿಗಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸಂಬಳದ ಮಿತಿ ದಾಟಿ ಹೊರಹೋಗಿ ಆಮೇಲೆ ನಿವೃತ್ತರಾದವರಿಗೂ, ಕೊನೆಯ ಸಂಬಳ 30,000ದೊಳಗಿದ್ದರೆ, ಕೆಲವು ಷರತ್ತುಗಳ ಮೇಲೆ ಚಿಕಿತ್ಸೆ ಕೊಡಲು ಒಪ್ಪಿತು. ಅಂದರೆ ಮಿತಿ ದಾಟಿದವರೂ ನಮ್ಮವರೇ ಎಂದು ನಿಗಮಕ್ಕೆ ಗೊತ್ತು. ಆದರೆ ಅಬ್ಬಾಗೆ ಈಗ 46. ನಿವೃತ್ತಿಯವರೆಗಿನ ವರ್ಷಗಳಲ್ಲಿ ನನ್ನ ತಮ್ಮ ಏನು ಮಾಡಬೇಕು?

ಕೆಲಸವೇ ಹೋದವರ ಸ್ಥಿತಿ ಇನ್ನೂ ಕಷ್ಟ. ಅವರಿಗೆ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆಯಲ್ಲಿ ಗರಿಷ್ಠ 90 ದಿನ ಅರ್ಧ ಸಂಬಳ ಸಿಗುವ ಅವಕಾಶ ಇದೆ, ಅರ್ಹತೆ ಇದ್ದರೆ. ಅದರ ಬಗ್ಗೆ ಬೇರೆಯೇ ಬರೆಯಬೇಕು. ಗಲ್ಫ್‌ನಲ್ಲಿ ಅಪ್ಪ ಇರುವ ಮನೆಗಳ ಕಥೆಯೂ ಬೇರೆ. ಅದನ್ನು ಆ ಮನೆಯವರೇ ಯಾರಾದರೂ ಮುಂದಿನ ಸಂಚಿಕೆಗೆ ಬರೆಯಲಿ.

ಈಗಲೇ ಯಾಕೆ ಈ ಮಾತು ಎಂದರೆ, 1948ರ ಹಳೆಯ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿದೆ. ನಿಯಮಗಳನ್ನು ಹೊಸದಾಗಿ ಬರೆಯುವ ಹೊತ್ತು ಇದು. ಒಂದು ಪ್ಯಾರಾ ಸೇರಿಸಲು ಇದಕ್ಕಿಂತ ಒಳ್ಳೆಯ ಸಮಯ ಮತ್ತೆ ಯಾವಾಗ ಬರುತ್ತದೋ.

ಇದರ ನಡುವೆ ನಿಮ್ಮ ಮನೆಯಲ್ಲೂ ಯಾರದಾದರೂ ಸಂಬಳ ಈ ಗೆರೆಯ ಹತ್ತಿರ ಇದ್ದರೆ ಒಂದು ವಿಷಯ ತಿಳಿದಿರಲಿ. ಇದನ್ನು ಫ್ಯಾಕ್ಟರಿಯಲ್ಲಿ ನಮಗೆ ಯಾರೂ ಹೇಳಲಿಲ್ಲ, ಇಎಸ್‌ಐ ಕೌಂಟರಿನಲ್ಲಿದ್ದ ಒಬ್ಬ ಮೇಡಂ ಹೇಳಿದರು. ವಂತಿಗೆಯ ಅವಧಿ ವರ್ಷಕ್ಕೆ ಎರಡು: ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಅವಧಿಯ ನಡುವೆ ಸಂಬಳ ಮಿತಿ ದಾಟಿದರೆ ಆ ಅವಧಿ ಮುಗಿಯುವವರೆಗೆ ವಂತಿಗೆ ಕಡಿಯಲೇಬೇಕು, ನಡುವೆ ನಿಲ್ಲಿಸುವಂತಿಲ್ಲ. ಆ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಕಟ್ಟಿದ್ದರೆ ಅದಕ್ಕೆ ಹೊಂದುವ ಸೌಲಭ್ಯದ ಅವಧಿ ಮುಗಿಯುವವರೆಗೆ ಚಿಕಿತ್ಸೆ ಸಿಗುತ್ತದೆ. ಸೆಪ್ಟೆಂಬರ್‌ಗೆ ಮುಗಿದ ವಂತಿಗೆಗೆ ಮುಂದಿನ ಜೂನ್ 30ರವರೆಗೆ, ಮಾರ್ಚ್‌ಗೆ ಮುಗಿದದ್ದಕ್ಕೆ ಡಿಸೆಂಬರ್ 31ರವರೆಗೆ. ಆದ್ದರಿಂದ ಪೇ ಸ್ಲಿಪ್‌ನಲ್ಲಿ ಕಾಲಂ ಖಾಲಿ ಕಂಡ ದಿನವೇ ಕಾರ್ಡನ್ನು ಪೆಟ್ಟಿಗೆಗೆ ಹಾಕಬೇಡಿ. ನಮ್ಮ ಕಾರ್ಡು 2026ರ ಜೂನ್ 30ರವರೆಗೆ ನಡೆಯುತ್ತದೆ.

ಕಂಪನಿಯ ಗುಂಪು ವಿಮೆ ಇರುವ ಮನೆಗಳಿಗೂ ಒಂದು ಮಾತು. ಕೆಲಸ ಬಿಡುವ ಮುಂಚೆ, ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗವಾಗಲು ಅರ್ಜಿ ಕೊಡಿ. ಇದಕ್ಕೆ ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮವೇ ಇದೆ. ಗುಂಪಿನಲ್ಲಿ ಕಳೆದ ವರ್ಷಗಳು ಕಾಯುವ ಅವಧಿಯಲ್ಲಿ ಲೆಕ್ಕಕ್ಕೆ ಬರುತ್ತವೆ. ಪ್ರೀಮಿಯಂ ಹೆಚ್ಚಾಗಬಹುದು, ಆದರೆ 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗೆ ಜಿಎಸ್‌ಟಿ ಇಲ್ಲ.

ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ಒಂದು ಮನವಿ ಬರೆದಿದ್ದೇನೆ. ಒಂದೂವರೆ ಪುಟ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಲೆಕ್ಕದ ಭಾಗವನ್ನು ನಮ್ಮ ಕಾಮರ್ಸ್ ಸರ್ ನೋಡಿ ಒಂದು ಕಡೆ ದಶಮಾಂಶ ತಿದ್ದಿದ್ದಾರೆ. ಇಎಸ್‌ಐ ಕಾರ್ಡು ಇರುವ, ಇದ್ದ, ಕಳೆದುಕೊಂಡ ಮನೆಯವರ ಸಹಿ ಬೇಕು. ಹಾಳೆ ಲೈಬ್ರರಿಯ ಪತ್ರಿಕೆ ಮೇಜಿನ ಮೇಲೆ ಇಟ್ಟಿದ್ದೇನೆ. ಅಬ್ಬಾ ಅಮ್ಮಿಯ ಸಹಿಯನ್ನು ನೀವೇ ಹಾಕಬೇಡಿ, ಮನೆಗೆ ಒಯ್ದು ಹಾಕಿಸಿ ತನ್ನಿ. ಖಾಲಿ ಹಾಳೆಗಳು ಪಕ್ಕದ ಫೈಲಿನಲ್ಲಿವೆ.